500ನೆಯ ಚೊಗರು ಸೀರೆ ಇಳಿಯಿತು, ಎಲ್ಲರಿಗೂ ನಮಸ್ಕಾರ

ಸಾವಯವ ಹತ್ತಿಯ ನೂಲು, ಅಡಿಕೆ ಚೊಗರಿನ ಬಣ್ಣ, ಕೈಮಗ್ಗದ ನೇಯ್ಗೆ. ಈ ಬಗೆಯ 500ನೆಯ ಸೀರೆ ಈ ವಾರ ಮಗ್ಗದಿಂದ ಇಳಿದಿದೆ. ಸೀರೆಯ ಚೀಟಿಯಲ್ಲಿ ನೇಕಾರರ ಹೆಸರಷ್ಟೇ ಇರುತ್ತದೆ. ಉಳಿದವರಿಗೆ ಸಲ್ಲಬೇಕಾದ ಕೃತಜ್ಞತೆಯನ್ನು ಎಲ್ಲರೆದುರೇ ಹೇಳಬೇಕೆನಿಸಿತು.

ಮೊದಲ ನಮಸ್ಕಾರ ಮಲೆನಾಡಿನ ಅಡಿಕೆ ಬೇಯಿಸುವ ಮನೆಗಳಿಗೆ. ಹಸಿ ಅಡಿಕೆ ಸುಲಿದು ಹಂಡೆಯಲ್ಲಿ ಬೇಯಿಸಿದಾಗ ಉಳಿಯುವ ಕೆಂಪು ನೀರೇ ಚೊಗರು. ತೆಳ್ಳಗಿದ್ದರೆ ನಾಲ್ಕೇ ದಿನಕ್ಕೆ ಬೂಸ್ಟು ಹಿಡಿಯುತ್ತದೆ. ಅದೇ ನೀರಿನಲ್ಲಿ ಮತ್ತೆ ಮತ್ತೆ ಅಡಿಕೆ ಬೇಯಿಸಿ, ಕಾಕಂಬಿಯ ಹದಕ್ಕೆ ಬಂದದ್ದನ್ನು ಮುಚ್ಚಿಟ್ಟರೆ ತಿಂಗಳುಗಟ್ಟಲೆ ಬಾಳುತ್ತದೆ. ಆ ಹದ ನೋಡಿ ತೆಗೆದಿಟ್ಟಿರಿ, ಹೊರಗಿನ ಬಣ್ಣದ ಪುಡಿ ಒಂದು ಚಿಟಿಕೆಯೂ ಬೆರೆಸಲಿಲ್ಲ, ಕಬ್ಬಿಣದ ಡ್ರಮ್ಮಿಗೆ ಸುರಿಯಲಿಲ್ಲ. ಚೊಗರಿನ ಒಗರು ಕಬ್ಬಿಣಕ್ಕೆ ತಾಗಿದರೆ ಕೆಂಪು ಸತ್ತು ಮಸಿಯಾಗುತ್ತದೆ. ಆಮೇಲೆ ಏನು ಮಾಡಿದರೂ ಅದು ತಿರುಗಿ ಬರುವುದಿಲ್ಲ.

ಧಾರವಾಡ ಸೀಮೆಯ ಎರೆಹೊಲದಲ್ಲಿ ಮಳೆ ನಂಬಿಕೊಂಡು ಜಯಧರ ಹತ್ತಿಯನ್ನು ಬಿಡದೆ ಬೆಳೆಯುತ್ತಿರುವ ರೈತರಿಗೆ ಶರಣು. ಅದರ ಎಳೆ ಗಿಡ್ಡ, ತೀರಾ ಸಣ್ಣ ನೂಲು ತೆಗೆಯಲಾಗದು. ನಮಗೆ ಬೇಕಾದ 20ರ ಆಸುಪಾಸಿನ ಕೌಂಟಿಗೆ (ನೂಲು ಎಷ್ಟು ಸಣ್ಣ ಎಂಬ ಅಳತೆ) ಅದು ಸಾಕು.

ಬಣ್ಣದ ಮನೆಯ ಅಕ್ಕಂದಿರ ಕೆಲಸ ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು. ಹಸಿ ನೂಲಿನಲ್ಲಿ ಹತ್ತಿಯ ಮೇಣ ಇರುತ್ತದೆ. ಒಂದು ಕಿಲೋ ನೂಲಿಗೆ 20 ಗ್ರಾಂ ವಾಷಿಂಗ್ ಸೋಡಾ ಹಾಕಿ ಎರಡು ಗಂಟೆ ಕುದಿಸಿದರೆ ನೀರು ಚಹಾದ ಬಣ್ಣಕ್ಕೆ ತಿರುಗುತ್ತದೆ. ನೂಲಿನ ಸುರುಳಿಯನ್ನು, ಅಂದರೆ ಲಡಿಯನ್ನು, ನೀರಿಗೆ ಬಿಟ್ಟರೆ ತೇಲದೆ ಕೂಡಲೇ ಮುಳುಗಬೇಕು. ತೇಲಿತೋ, ಮೇಣ ಇನ್ನೂ ಇದೆ, ಬಣ್ಣ ಮಚ್ಚೆ ಮಚ್ಚೆಯಾಗಿ ಕೂರುತ್ತದೆ. ಬೇರೆ ಬಣ್ಣಗಳಾದರೆ ನೂಲಿಗೆ ಹಿಡಿಯಲೆಂದು ಮೊದಲು ಅಳಲೆಕಾಯಿ ಪುಡಿಯ ನೀರಿನಲ್ಲಿ ನೆನೆಸುತ್ತೇವೆ. ಚೊಗರಿಗೆ ತನ್ನದೇ ಒಗರು ಇರುವುದರಿಂದ ಅದು ಬೇಡ, ಕಿಲೋಗೆ 150 ಗ್ರಾಂ ಪಟಿಕ ಸಾಕು. 20 ಲೀಟರ್ ನೀರಿನ ಸ್ಟೀಲ್ ಹಂಡೆಯಲ್ಲಿ ಬಿಸಿಯನ್ನು ನಿಧಾನ ಏರಿಸಿ, ಒಂದು ಗಂಟೆ ಕೋಲಿನ ಮೇಲಿನ ಲಡಿಗಳನ್ನು ತಿರುವುತ್ತಲೇ ಇರಬೇಕು. ಕೈ ನಿಂತರೆ ಕೋಲಿಗೆ ತಾಗಿದ ಜಾಗ ತೆಳುವಾಗಿ ಉಳಿಯುತ್ತದೆ. ಒಂದು ಡಬ್ಬದ ಚೊಗರು ಇನ್ನೊಂದರಂತೆ ಇರುವುದಿಲ್ಲ. ಹಾಗಾಗಿ ಹೊಸ ಡಬ್ಬ ತೆರೆದಾಗಲೆಲ್ಲ 10 ಗ್ರಾಂ ನೂಲಿಗೆ ಬಣ್ಣ ಹಾಕಿ, ಪೂರ್ತಿ ಒಣಗಿಸಿ, ಹಳೆಯ ಲಡಿಯ ಪಕ್ಕ ಬಿಸಿಲಲ್ಲಿ ಹಿಡಿದು ನೋಡಿದಿರಿ. ಹಸಿಯಲ್ಲಿ ಎಲ್ಲವೂ ಗಾಢವಾಗಿಯೇ ಕಾಣುತ್ತದೆ, ಅದನ್ನು ನಂಬಿದರೆ ಮೋಸ.

ಹಾಸಿನ (ಉದ್ದದ ಎಳೆಗಳ) ಲಡಿಗಳೆಲ್ಲ ಒಂದೇ ಹಂಡೆಯಲ್ಲಿ ಅದ್ದಿದವಾಗಿರಬೇಕು, ಇಲ್ಲವಾದರೆ ಸೀರೆಯುದ್ದಕ್ಕೂ ಪಟ್ಟೆ ಏಳುತ್ತದೆ. ಹೊಕ್ಕಿನಲ್ಲಿ (ಅಡ್ಡ ಎಳೆಗಳಲ್ಲಿ) ಛಾಯೆ ಬೇರೆಯಾದರೆ ಎರಡು ಲಾಳಿ ಇಟ್ಟು ಒಂದೊಂದು ಎಳೆ ಬದಲಿಸಿ ನೇಯ್ದು ಮರೆಸಬಹುದು. ಆ ಉಪಾಯ ತೋರಿಸಿದ ಹಿರಿಯ ನೇಕಾರರಿಗೆ ಕೈಮುಗಿದು ವಂದನೆ. 46 ಇಂಚಿನ ಪನ್ನಕ್ಕೆ (ಸೀರೆಯ ಅಗಲಕ್ಕೆ) ಇಂಚಿಗೆ 48ರಂತೆ 2,200 ದಾಟಿದ ಎಳೆಗಳು! ಹಳೆಯ ಹಾಸಿನ ತುದಿಗೆ ಹೊಸದನ್ನು ಒಂದೊಂದಾಗಿ ಕೆಚ್ಚಿದ ಬೆರಳುಗಳನ್ನು ನಾವು ಮರೆಯುವುದಿಲ್ಲ. ಗಿಡ್ಡ ಎಳೆಯ ನೂಲು ಜುಂಗು ಏಳುತ್ತದೆ. ಅದಕ್ಕೇ ಹಾಸಿನ ಎಳೆಗಳಿಗೆ ಅಕ್ಕಿ ಗಂಜಿ ಕೊಡುವುದು. ಗಂಜಿ ತೆಳುವಾದರೆ ಎಳೆ ಮಗ್ಗದ ಬಾಚಣಿಗೆಯಂಥ ಹಣಿಗೆಯಲ್ಲಿ ಉಜ್ಜಿ ಹರಿಯುತ್ತದೆ, ಗಟ್ಟಿಯಾದರೆ ಒಣಗಾಳಿಗೆ ಸಿಡಿದು ತುಂಡಾಗುತ್ತದೆ. ಚೈತ್ರ, ವೈಶಾಖದ ಬಿಸಿಲಲ್ಲಿ ನಸುಕಿಗೇ ಮಗ್ಗಕ್ಕೆ ಕೂತಿರಿ, ಮಗ್ಗದ ಕುಣಿಯ ಸುತ್ತ ನೆಲಕ್ಕೆ ನೀರು ಚಿಮುಕಿಸಿ ತಂಪು ಕಾಪಾಡಿದಿರಿ.

ಕೊನೆಗೆ ಉಡುವವರಿಗೆ. ಒಂದು ಸೀರೆ ಇನ್ನೊಂದರ ಹಾಗಿಲ್ಲ ಎಂದು ವಾಪಸು ಕಳಿಸದೆ ಆ ವ್ಯತ್ಯಾಸವನ್ನು ಒಪ್ಪಿಕೊಂಡಿರಿ. ನೆರಳಿನಲ್ಲೇ ಒಣಗಿಸಿ. ತುಕ್ಕು ಹಿಡಿದ ಬಕೆಟ್ಟಿನಲ್ಲಿ ಮಾತ್ರ ಯಾವತ್ತೂ ನೆನೆಸಬೇಡಿ, ಕಪ್ಪು ಕಲೆ ಕೂತರೆ ಹೋಗುವುದಿಲ್ಲ.

ಹೊಸ ಅಡಿಕೆ ಕೊಯ್ಲು ಶುರುವಾಗಿದೆ. ತೊಳೆದ ಡಬ್ಬಗಳು ಮನೆಮನೆಗೆ ಹೊರಟಿವೆ.