ಕಪಾಟಿಗೆ ಬಣ್ಣ ಬಳಿಸುವ ಮೊದಲು

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ಪುರವಣಿಯಲ್ಲಿ ಮನೆಯ ಅಂದಚಂದದ ಬಗ್ಗೆ ಒಂದು ಬರಹ ಬಂದಿತ್ತು. ಹೊಸ ಟೈಲ್ಸ್‌ಗೆ ಹಳೇ ಮಂಚ, ಕಪಾಟು ಹೊಂದದಿದ್ದರೆ ಅವಕ್ಕೆ ಬಿಳಿ ಪೇಂಟ್ ಹೊಡೆಸಿ, ಇಲ್ಲವೇ ಯಾರಿಗಾದರೂ ಕೊಟ್ಟುಬಿಡಿ ಎಂದು ಅದರಲ್ಲಿತ್ತು. ನನ್ನ ಹೆಂಡತಿ ಅದನ್ನು ಓದಿ ಪೇಪರನ್ನು ನನ್ನ ಕಡೆ ತಳ್ಳಿದಳು. "ನೋಡಿ, ನಿಮ್ಮಂಥವರು ಬೇರೆಯವರೂ ಇದ್ದಾರೆ" ಎಂದಳು. ಅವಳು ಹಾಗೆ ಹೇಳಲು ಕಾರಣವಿದೆ. ಅದನ್ನೇ ಬರೆಯುತ್ತಿದ್ದೇನೆ. ಜಾಗ ಸಾಲದಿದ್ದರೆ ಎಲ್ಲಿ ಬೇಕಾದರೂ ಕತ್ತರಿಸಿ, ನಾನು ಮಾಡಿದ ತಪ್ಪನ್ನು ಮಾತ್ರ ಉಳಿಸಿ.

ನಾನು ಅರಣ್ಯ ಇಲಾಖೆಯಲ್ಲಿ ಗುಮಾಸ್ತನಾಗಿದ್ದವನು. ನೌಕರಿಯ ಹೆಚ್ಚಿನ ವರ್ಷಗಳು ದಾಂಡೇಲಿಯ ನಾಟಾ ಡಿಪೋದಲ್ಲೇ ಕಳೆದವು. ಸಾಗವಾನಿ, ಬೀಟೆ, ಮತ್ತಿ, ಹೊನ್ನೆ, ನಂದಿ, ಯಾವುದೇ ಇರಲಿ, ದಿಮ್ಮಿಯ ತುದಿ ನೋಡಿಯೇ ಹೇಳುತ್ತಿದ್ದೆ. ಮರದ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಿಲ್ಲ ಎನ್ನುವ ಜಂಬ ಆಗ ಬಂದದ್ದು. ಹೋದ ವರ್ಷದವರೆಗೂ ಇತ್ತು.

ಊರು ಶಿರಸಿ ಹತ್ತಿರ. ಈಗ ಇರುವುದು ಕಾರವಾರದಲ್ಲಿ, ಕೋಡಿಬಾಗದ ಕಡೆ. ಅಣ್ಣತಮ್ಮಂದಿರು ಪಾಲಾದಾಗ ನನಗೆ ಮೂರು ಸಾಮಾನು ಬಂದವು. ಅಜ್ಜಿಯ ಬೀಟೆ ಮಂಚ, ಅಪ್ಪನ ಸಾಗವಾನಿ ಕಪಾಟು, ಒಂದು ಹಲಸಿನ ಮರದ ಪೆಟ್ಟಿಗೆ. ಮಂಚದ ತಲೆಯ ಹಲಗೆಯ ಮೇಲೆ ಗುಡಿಗಾರರು ಕೆತ್ತಿದ ಬಳ್ಳಿಯಿದೆ. ಟೆಂಪೋದಲ್ಲಿ ಹೇರಿ ದೇವಿಮನೆ ಘಾಟಿ ಇಳಿಸಿ, ಕುಮಟಾ, ಅಂಕೋಲಾ ದಾಟಿಸಿ ತಂದೆವು. ಘಾಟಿಯ ಯಾವುದೋ ತಿರುವಿನಲ್ಲಿ ಮಂಚದ ಕಾಲು ಕಪಾಟಿನ ಬಾಗಿಲಿಗೆ ಉಜ್ಜಿ ಒಂದು ಗೀರು ಬಿತ್ತು. ಅದು ಈಗಲೂ ಇದೆ.

ಮನೆಗೆ ಮೊದಲು ಇದ್ದದ್ದು ರೆಡ್ ಆಕ್ಸೈಡ್ ನೆಲ. ಅಲ್ಲಲ್ಲಿ ಬಿರುಕು ಬಿಟ್ಟಿತ್ತು, ಮಳೆಗಾಲದಲ್ಲಿ ಬೆವರುತ್ತಿತ್ತು. ಹೋದ ವರ್ಷ ಮಾರ್ಚ್‌ನಲ್ಲಿ ಟೈಲ್ಸ್ ಹಾಕಿಸೋಣ ಎಂದಾಯಿತು. ಮಗಳಿಗೆ ಲ್ಯಾಮಿನೇಟ್ ಹಲಗೆಯ ನೆಲ ಬೇಕಿತ್ತು. ನಾನು ಬೇಡ ಎಂದೆ. ಅದರ ಒಳಗಿರುವುದು ಮರದ ನಾರನ್ನು ಒತ್ತಿ ಮಾಡಿದ ಹಲಗೆ. ಕಾರವಾರದಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ, ಸಂದಿನಲ್ಲಿ ನೀರು ಸೇರಿದರೆ ಉಬ್ಬಿ ಏಳುತ್ತದೆ. ಅಷ್ಟು ಬುದ್ಧಿ ಇತ್ತು. ಮುಂದಿನದಕ್ಕೆ ಸಾಲಲಿಲ್ಲ.

ಹಾಲ್‌ಗೆ ನಾನು ಆರಿಸಿದ್ದು ಮರದ ಹಲಗೆಯಂತೆ ಕಾಣುವ ಟೈಲ್ಸ್. 8 ಇಂಚು ಅಗಲ, 4 ಅಡಿ ಉದ್ದ. ನನ್ನ ಲೆಕ್ಕ ಸರಳವಾಗಿತ್ತು. ಕಪಾಟು ಸಾಗವಾನಿ, ನೆಲವೂ ಸಾಗವಾನಿ ಬಣ್ಣದ್ದಾದರೆ ಎಲ್ಲ ಒಂದಕ್ಕೊಂದು ಹೊಂದುತ್ತದೆ, ಅಲ್ವಾ? ಕಪಾಟಿನ ಫೋಟೋ ಮೊಬೈಲ್‌ನಲ್ಲಿ ತೆಗೆದುಕೊಂಡು ಹೋದೆ. ಅಂಗಡಿಯಲ್ಲಿ ಟೈಲ್ಸ್ ಮೇಲೆ ಮೊಬೈಲ್ ಇಟ್ಟು ನೋಡಿದೆ. ಅಚ್ಚು ಅದೇ ಬಣ್ಣ! ಅಂಗಡಿಯವರು ಹೊಗಳಿದರು, ನಾನು ಉಬ್ಬಿದೆ. ಅಲ್ಲೇ ಮುಂಗಡ ಕೊಟ್ಟು ಬಂದೆ.

ಮೇಸ್ತ್ರಿ ಕೆಲಸ ಮುಗಿಸಿ, ಕಪಾಟನ್ನು ವಾಪಸ್ ಜಾಗಕ್ಕೆ ಇಟ್ಟ ಸಂಜೆ ಹಾಲ್‌ನಲ್ಲಿ ಯಾರೂ ಮಾತಾಡಲಿಲ್ಲ. ಟೈಲ್ಸ್‌ನಲ್ಲಿ ಸಣ್ಣಗೆ ಗುಲಾಬಿ ಛಾಯೆ ಇತ್ತು. ಅಂಗಡಿಯ ಬೆಳಕಿನಲ್ಲಿ ಅದು ಕಂಡಿರಲೇ ಇಲ್ಲ. ಆ ಗುಲಾಬಿಯ ಪಕ್ಕದಲ್ಲಿ ಅಪ್ಪನ ಕಪಾಟು ಹಳದಿಗೆ ತಿರುಗಿ, ಒರೆಸದೆ ಬಿಟ್ಟ ಹಾಗೆ ಕಾಣುತ್ತಿತ್ತು. ಹತ್ತಿರ ಹತ್ತಿರ ಬಂದು ಸರಿಯಾಗಿ ಸೇರದ ಬಣ್ಣ ಇದೆಯಲ್ಲ, ಅದರಷ್ಟು ಕಣ್ಣಿಗೆ ಚುಚ್ಚುವುದು ಬೇರೆ ಇಲ್ಲ. ಒಂದೇ ಸೀರೆಗೆಂದು ತಂದ ಬ್ಲೌಸ್ ಬಟ್ಟೆ ಒಂದು ಎಳೆ ತಪ್ಪಿದರೆ ಹೆಂಗಸರು ಕೂಡಲೇ ಹಿಡಿಯುತ್ತಾರೆ. ನನ್ನ ಹೆಂಡತಿ ಹಿಡಿದಳು. "ಡಿಪೋದಲ್ಲಿ ಇಷ್ಟು ವರ್ಷ ಎಂತ ನೋಡ್ತಿದ್ರಿ?" ಎಂದು ಕೇಳಿದಳು.

ಇನ್ನೊಂದು ತಾಪತ್ರಯ ಮರುದಿನ ಬೆಳಿಗ್ಗೆ ಚಹಾ ಕುಡಿಯುವಾಗ ಕಂಡಿತು. ಕಾಲ ಬಳಿಯ ಟೈಲ್ಸ್‌ನಲ್ಲಿ ಒಂದು ಗಂಟು. ಮರದಲ್ಲಿ ಕೊಂಬೆ ಹುಟ್ಟಿದ ಜಾಗದ ಗಂಟು. ಎಡಕ್ಕೆ ಸೀಳು, ಮೇಲೆ ಹುಬ್ಬಿನಂತೆ ಒಂದು ಗೆರೆ. ತಲೆ ಎತ್ತಿ ನೋಡಿದರೆ ಬಾಗಿಲ ಬಳಿಯೂ ಅದೇ ಗಂಟು, ಅದೇ ಹುಬ್ಬು. ಟಿ.ವಿ. ಕೆಳಗೂ ಅದೇ. ಲೋಟ ಕೆಳಗಿಟ್ಟು ಎಣಿಸಿದೆ. ಇಡೀ ಹಾಲ್‌ನಲ್ಲಿ 11 ಕಡೆ! ಈ ಟೈಲ್ಸ್ ಮೇಲೆ ಮರದ ಚಿತ್ರವನ್ನು ಯಂತ್ರ ಅಚ್ಚು ಹಾಕುತ್ತದೆ. ಒಂದು ವಿನ್ಯಾಸಕ್ಕೆ ಕೆಲವೇ ಬೇರೆ ಬೇರೆ ಚಿತ್ರಗಳು ಇರುತ್ತವೆ, ಅವೇ ತಿರುಗಿ ತಿರುಗಿ ಬರುತ್ತವೆ. ಹಾಕುವ ಮೊದಲು ಐದಾರು ಬಾಕ್ಸ್ ಒಡೆದು ನೆಲದ ಮೇಲೆ ಹರಡಿ, ಒಂದೇ ಚಿತ್ರ ಹತ್ತಿರ ಬಾರದಂತೆ ಮೇಸ್ತ್ರಿಗೆ ಜೋಡಿಸಿ ಕೊಡಬೇಕಿತ್ತು. ನನಗೆ ಅದು ಗೊತ್ತಿರಲಿಲ್ಲ. ಮೇಸ್ತ್ರಿ ಬಾಕ್ಸ್‌ನಿಂದ ಕೈಗೆ ಸಿಕ್ಕಿದ್ದನ್ನು ಇಟ್ಟುಕೊಂಡು ಹೋದ. ಡಿಪೋದಲ್ಲಿ ಒಂದೇ ಗಂಟಿರುವ ಎರಡು ದಿಮ್ಮಿ ನೋಡದ ನನಗೆ ಈಗ ದಿನಾ ಬೆಳಿಗ್ಗೆ 11 ಗಂಟುಗಳ ದರ್ಶನ.

ಆಮೇಲೆ ಕೂತು ಯೋಚಿಸಿದಾಗ ಒಂದು ವಿಷಯ ಹೊಳೆಯಿತು. ಇದನ್ನು ನಾನು ಮೊದಲೇ ನೆನಪಿಸಿಕೊಳ್ಳಬೇಕಿತ್ತು, ಯಾಕೆಂದರೆ ಕಣ್ಣಾರೆ ನೋಡಿದ್ದೇ. ಮರದ ಬಣ್ಣ ನಿಲ್ಲುವುದಿಲ್ಲ. ಆಗ ತಾನೇ ಸೀಳಿದ ಸಾಗವಾನಿಯಲ್ಲಿ ಹಸಿರು ಮಿಶ್ರಿತ ಹಳದಿ ಇರುತ್ತದೆ, ಗಾಳಿ ಬೆಳಕಿಗೆ ಬಿಟ್ಟರೆ ಹೊಂಬಣ್ಣದ ಕಂದಾಗುತ್ತದೆ. ಹಲಸು ಶುರುವಿನಲ್ಲಿ ಅರಿಸಿನದ ಹಾಗೆ, ವರ್ಷ ಕಳೆದಂತೆ ಕೆಂಪುಗಂದು. ಬೀಟೆಯದು ಉಲ್ಟಾ. ನೇರಳೆ ಮಿಶ್ರಿತ ಕಪ್ಪಾಗಿದ್ದದ್ದು ಬಿಸಿಲಿನ ಕಿಟಕಿ ಪಕ್ಕದಲ್ಲಿಟ್ಟರೆ ತಿಳಿಯಾಗುತ್ತದೆ. ಟೈಲ್ಸ್ ಮಾತ್ರ ಹಾಕಿದ ದಿನ ಹೇಗಿತ್ತೋ 20 ವರ್ಷ ಬಿಟ್ಟರೂ ಹಾಗೇ. ಅಂದ ಮೇಲೆ ಇವತ್ತು ಹೊಂದಿಸಿದರೂ ನಾಳೆ ತಪ್ಪಿಯೇ ತಪ್ಪುತ್ತದೆ.

ಹಳೇ ಮನೆಗಳಲ್ಲಿ ಈ ತಲೆನೋವು ಯಾಕೆ ಇರಲಿಲ್ಲ? ನೆಲ ಕೆಂಪು, ಗೋಡೆ ಸುಣ್ಣದ ಬಿಳಿ, ಮರ ಕಪ್ಪಗಂದು. ಮೂರೂ ದೂರ ದೂರ. ಯಾವುದೂ ಇನ್ನೊಂದರಂತೆ ಕಾಣಲು ಹೋಗುತ್ತಿರಲಿಲ್ಲ. ನೆಲ ಒಂದೇ ಹಾಸು, ಅದರಲ್ಲಿ ಗೆರೆಯಿಲ್ಲ. ಗೆರೆ ಇದ್ದದ್ದು ಮರದಲ್ಲಿ ಮಾತ್ರ, ಹಾಗಾಗಿ ಕಣ್ಣು ಮರದ ಮೇಲೆ ನಿಲ್ಲುತ್ತಿತ್ತು. ನಮ್ಮ ಹಾಲ್‌ನಲ್ಲೇ ಇದಕ್ಕೆ ಸಾಕ್ಷಿ ಇದೆ. ಆ ಹಲಸಿನ ಪೆಟ್ಟಿಗೆಯನ್ನು ಯಾರೂ ಲೆಕ್ಕಕ್ಕೆ ಇಟ್ಟಿರಲಿಲ್ಲ. ಅದು ಟೈಲ್ಸ್‌ಗಿಂತ ಎಷ್ಟೋ ಪಟ್ಟು ಗಾಢ. ಅದೇ ನೆಲದ ಮೇಲೆ ಅದು ಚಂದ ಕಾಣುತ್ತಿದೆ! ಹೊಂದಿಸಲು ಹೋದ ಕಪಾಟು ಕೆಟ್ಟಿತು, ಸುಮ್ನೆ ಇಟ್ಟ ಪೆಟ್ಟಿಗೆ ಗೆದ್ದಿತು.

ಮಲಗುವ ಕೋಣೆಯ ನೆಲ ಅಷ್ಟರಲ್ಲಿ ಇನ್ನೂ ಆಗಿರಲಿಲ್ಲ. ಅದರ ಕಾರುಬಾರನ್ನು ಹೆಂಡತಿ ತಾನೇ ತೆಗೆದುಕೊಂಡಳು. ಬೀಟೆ ಮಂಚದ ಕಂಬಗಳ ತುದಿಯಲ್ಲಿ ತಿರುಗಿಸಿ ತೆಗೆಯುವ ಗುಂಡುಗಳಿವೆ, ನಿಂಬೆಹಣ್ಣಿನಷ್ಟು ದೊಡ್ಡವು. ಅವಳು ಒಂದನ್ನು ಬಿಚ್ಚಿ ಪರ್ಸ್‌ಗೆ ಹಾಕಿಕೊಂಡಳು. ಅಂಗಡಿಯಲ್ಲಿ ಐದು ಥರದ ಟೈಲ್ಸನ್ನು ಹೊರಗೆ ಬಿಸಿಲಿಗೆ ತರಿಸಿ, ಒಂದೊಂದರ ಮೇಲೂ ಆ ಗುಂಡನ್ನು ಇಟ್ಟಳು. ಬೂದು ಬಣ್ಣದ ಮೇಲೆ ಬೀಟೆ ಇದ್ದಿಲಿನ ತುಂಡಾಯಿತು. ಹಾಲುಬಿಳಿಯ ಮೇಲೆ ಆಸ್ಪತ್ರೆಯ ನೆನಪು ಬಂತು. ಸ್ವಲ್ಪ ಹಳದಿ ಬೆರೆತ ಕೆನೆಬಣ್ಣದ, ಹೊಳಪಿಲ್ಲದ ಟೈಲ್ಸ್ ಮೇಲಿಟ್ಟಾಗ ಗುಂಡಿನ ನೇರಳೆ ಗೆರೆಗಳು ಒಂದೊಂದಾಗಿ ಎದ್ದು ಬಂದವು. ಅಷ್ಟು ವರ್ಷ ಅದೇ ಮಂಚದಲ್ಲಿ ಮಲಗಿದ ನಾನು ಆ ಗೆರೆಗಳನ್ನು ಸರಿಯಾಗಿ ನೋಡಿದ್ದು ಅವತ್ತೇ.

ಅವಳು ಅಷ್ಟಕ್ಕೇ ಬಿಡಲಿಲ್ಲ. 500 ರೂಪಾಯಿ ಠೇವಣಿ ಇಟ್ಟು ಒಂದು ಇಡೀ ಟೈಲ್ಸ್ ಮನೆಗೆ ತಂದಳು. ಎರಡು ದಿನ ಮಂಚದ ಕಾಲ ಬಳಿ ಇತ್ತು. ಬೆಳಿಗ್ಗೆ ನೋಡಿದೆವು, ಮಧ್ಯಾಹ್ನ ನೋಡಿದೆವು, ರಾತ್ರಿ ದೀಪ ಹಾಕಿ ನೋಡಿದೆವು. ದೀಪದ ಮಾತು ಮುಖ್ಯ. ಬಲ್ಬ್ ಡಬ್ಬಿಯ ಮೇಲೆ ಬೆಳಕಿನ ಬಣ್ಣ ಹೇಳುವ ಒಂದು ಸಂಖ್ಯೆ ಇರುತ್ತದೆ, ಪಕ್ಕದಲ್ಲಿ ಕೆ, ಅಂದರೆ ಕೆಲ್ವಿನ್. 6500 ಕೆ ಎಂದರೆ ನೀಲಿ ಮಿಶ್ರಿತ ಬಿಳಿ ಬೆಳಕು, 2700 ಅಥವಾ 3000 ಕೆ ಎಂದರೆ ಹಳೇ ಬಲ್ಬಿನಂಥ ಹಳದಿ ಬೆಳಕು. ನಾನು ಹೋದ ಅಂಗಡಿಯಲ್ಲಿ ಉರಿಯುತ್ತಿದ್ದದ್ದು ಮೊದಲನೆಯದು. ನಮ್ಮ ಹಾಲ್‌ನಲ್ಲಿ ಇದ್ದದ್ದು ಎರಡನೆಯದು. ಜೊತೆಗೆ ಪಶ್ಚಿಮದ ಕಿಟಕಿಯಿಂದ ಸಂಜೆಯ ಬಿಸಿಲು ಬೇರೆ. ಮೊಬೈಲ್ ಫೋಟೋ ಅಂತೂ ಬಣ್ಣವನ್ನು ತನಗೆ ಬೇಕಾದಂತೆ ತಿದ್ದಿಕೊಳ್ಳುತ್ತದೆ. ಅದನ್ನು ನಂಬಿ ಹಣ ಕೊಟ್ಟವನು ನಾನು.

ಹಾಲ್ ಗತಿ ಏನಾಯಿತು? ಕಿತ್ತು ಹಾಕಲು ಧೈರ್ಯ ಬರಲಿಲ್ಲ. ಹಳೇ ನೆಲದ ಮೇಲೆಯೇ ಟೈಲ್ಸ್ ಕೂರಿಸಿದ್ದರಿಂದ ನೆಲ ಎತ್ತರವಾಗಿ, ಬಾಗಿಲುಗಳ ಕೆಳಗೆ ಮುಕ್ಕಾಲು ಇಂಚು ಆಗಲೇ ಕತ್ತರಿಸಿ ಆಗಿತ್ತು. ಇನ್ನೊಮ್ಮೆ ಆ ಧೂಳು ಯಾರಿಗೆ ಬೇಕು? ಕಪಾಟನ್ನೇ ಗಾಢ ಮಾಡಿಬಿಡೋಣ ಎಂದು ನಮ್ಮ ಆಚಾರಿ ಹೇಳಿದರು. ಮೊದಲು ಕಪಾಟಿನ ಹಿಂಬದಿಯಲ್ಲಿ ಅಂಗೈ ಅಗಲ ಹಚ್ಚಿ ತೋರಿಸಿ ಎಂದೆ. ನೋಡಿದರೆ ಸಾಗವಾನಿಯ ಗೆರೆಯೆಲ್ಲ ಮುಳುಗಿ ಕಾಫಿ ಚೆಲ್ಲಿದಂತಾಯಿತು. ಬೇಡ ಎಂದೆವು. ಆ ಕಲೆ ಈಗಲೂ ಗೋಡೆಯ ಕಡೆ ಮುಖ ಮಾಡಿಕೊಂಡಿದೆ.

ಅದೇ ದಿನ ಅವರು ಒಂದು ಉಪಕಾರದ ಮಾತೂ ಹೇಳಿಕೊಟ್ಟರು. ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯನ್ನು ಮೂಲೆಯಲ್ಲಿ ಉಜ್ಜಿದರು. ಪಾಲಿಶ್ ಕರಗಿ ಹತ್ತಿಗೆ ಅಂಟಿತು. ಹಾಗಾದರೆ ಇದು ಹಳೇ ಕಾಲದ ಅರಗಿನ ಪಾಲಿಶ್, ಮೆಷಿನ್ ಹಾಕಿ ಉಜ್ಜಬೇಕಿಲ್ಲ, ಮೇಲಿಂದ ಅದನ್ನೇ ಎರಡು ಕೈ ಎಳೆದರೆ ಸಾಕು ಎಂದರು. ಆದರೆ ಮಳೆ ನಿಲ್ಲಲಿ ಎಂದರು. ತೇವದ ಹವೆಯಲ್ಲಿ ಹಚ್ಚಿದರೆ ಅರಗು ಬೆಳ್ಳಗೆ ಮಂಜು ಹಿಡಿದಂತೆ ಆಗುತ್ತದಂತೆ. ಡಿಸೆಂಬರ್‌ನಲ್ಲಿ ಮಾಡಿಸಿದೆವು. ಕಪಾಟಿನ ಹಳದಿಯ ಕೊಳೆ ಹೋಗಿ ಹೊಂಬಣ್ಣ ಬಂತು.

ಹೆಚ್ಚು ಕೆಲಸ ಮಾಡಿದ್ದು ಮಾತ್ರ ಒಂದು ಸಣ್ಣ ಬದಲಾವಣೆ. ಗೋಡೆಯ ಬುಡದ ಸ್ಕರ್ಟಿಂಗ್ ಕೂಡ ಅದೇ ಮರದ ಟೈಲ್ಸ್‌ನದೇ ಇತ್ತು. ಕಪಾಟಿನ ಬುಡ ಅದಕ್ಕೆ ತಾಗಿಯೇ ಇದ್ದುದರಿಂದ ಎರಡು ಬಣ್ಣ ಅಲ್ಲೇ ಜಗಳಾಡುತ್ತಿದ್ದವು. ಆ ಒಂದು ಗೋಡೆಯ ಸ್ಕರ್ಟಿಂಗ್ ಮಾತ್ರ ಕೀಳಿಸಿ, ಮಲಗುವ ಕೋಣೆಯಲ್ಲಿ ಉಳಿದಿದ್ದ ಕೆನೆಬಣ್ಣದ ಚೂರುಗಳನ್ನು ಹಾಕಿಸಿದೆ. ಕಪಾಟಿನ ಮುಂದೆ ನವಲಗುಂದದ ಒಂದು ಜಮಖಾನೆ ಹಾಸಿದೆವು, ಕೆಂಪು ಮತ್ತು ಕಪ್ಪು ಇರುವಂಥದ್ದು. ಈಗ ಕಪಾಟಿಗೂ ನೆಲಕ್ಕೂ ನಡುವೆ ಒಂದು ಗಡಿ ಇದೆ. ಜಮಖಾನೆಯ ಅಡಿಯಲ್ಲಿ ಮೂರು ಗಂಟುಗಳೂ ಮುಚ್ಚಿಹೋದವು. ಎಂಟು ಉಳಿದಿವೆ.

ಕರಾವಳಿಯವರಿಗೆ ಇನ್ನೊಂದು ಮಾತು, ಬಣ್ಣಕ್ಕೆ ಸಂಬಂಧಿಸಿದ್ದಲ್ಲ. ವಿಟ್ರಿಫೈಡ್ ಟೈಲ್ಸ್, ಅಂದರೆ ಗಾಜಿನಂತೆ ಗಟ್ಟಿಯಾಗುವ ಹಾಗೆ ಸುಟ್ಟವು, ನೀರನ್ನು ಹೀರುವುದಿಲ್ಲ ಎಂದೇ ಹೇಳಬೇಕು. ನೆಲ ಒರೆಸಿದ ನೀರು ಮಂಚದ ಕಾಲಿನ ಸುತ್ತ ಹಾಗೇ ನಿಲ್ಲುತ್ತದೆ, ಮರದ ಕಾಲು ಅದನ್ನು ಕೆಳಗಿನಿಂದ ಕುಡಿಯುತ್ತದೆ. ಬಟ್ಟೆಯಂಥ ಫೆಲ್ಟ್ ಅಂಟಿಸಿದರೆ ಅದೂ ನೀರು ಹಿಡಿದಿಟ್ಟುಕೊಳ್ಳುತ್ತದೆ. ನಾವು ಕಾಲುಗಳ ಅಡಿಗೆ ನೈಲಾನ್ ಬುಶ್, ಅಂದರೆ ಟೋಪಿಯಂಥ ಬಿರಡೆ, ಹಾಕಿಸಿದ್ದೇವೆ.

ನನ್ನ ಕೋರಿಕೆ ಎರಡೇ. ಒಂದು ಟೈಲ್ಸ್ ಅಂಗಡಿಯವರಿಗೆ. ಠೇವಣಿ ಇಟ್ಟುಕೊಂಡು ಒಂದು ಇಡೀ ಟೈಲ್ಸನ್ನು ಎರಡು ದಿನ ಮನೆಗೆ ಒಯ್ಯಲು ಬಿಡಿ. ಕೇಳದೆ ಇದ್ದವರಿಗೂ ಹೇಳಿ. ಅಂಗೈಯಷ್ಟು ಚೂರು ಕೊಟ್ಟರೆ ಬಣ್ಣವೂ ತಿಳಿಯುವುದಿಲ್ಲ, ಗಂಟೂ ತಿಳಿಯುವುದಿಲ್ಲ. ಇನ್ನೊಂದು ನಿಮ್ಮ ಪುರವಣಿಗೆ. ಪೇಂಟ್ ಹೊಡೆಸಿ ಎಂದು ಬರೆಯುವವರು ಅದನ್ನು ತೆಗೆಯುವ ಕಷ್ಟವನ್ನೂ ಬರೆಯಲಿ. ಕೆತ್ತನೆಯ ಸಂದಿಗೆ ಇಳಿದ ಪೇಂಟನ್ನು ಉಳಿ ಹಿಡಿದು ಕೆರೆಯಬೇಕು, ಪೇಂಟಿನ ಜೊತೆ ಬಳ್ಳಿಯ ಎಲೆಯೂ ಹೋಗುತ್ತದೆ. ಕೊಟ್ಟುಬಿಡಿ ಎನ್ನುವವರಿಗೆ ಹೇಳುವುದೇನೆಂದರೆ, ಹಳೇ ಸಾಮಾನು ಕೊಳ್ಳುವವರು ನಮ್ಮ ಮನೆಗೂ ಬಂದಿದ್ದರು. ಬೀಟೆ ಮಂಚಕ್ಕೆ 4000 ರೂಪಾಯಿ ಎಂದರು. ಹೆಂಡತಿ ಅವರಿಗೆ ಚಹಾ ಕೊಟ್ಟು ಕಳಿಸಿದಳು.

ಮರದ ಟೈಲ್ಸ್ ಎರಡು ಬಾಕ್ಸ್ ಇನ್ನೂ ಉಳಿದಿವೆ. ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ಗೋಡೆಗೆ ಹಾಕಿಸೋಣ ಎಂದು ಮಾತಾಗಿದೆ. ಅಲ್ಲಿ ಮರದ ಸಾಮಾನು ಯಾವುದೂ ಇಲ್ಲ. ಗಂಟು ಪಕ್ಕಪಕ್ಕ ಬಾರದ ಹಾಗೆ ಜೋಡಿಸುವ ಕೆಲಸ ನನಗೆ ಬಿಟ್ಟಿದ್ದಾಳೆ.

ಇಂತು ನಿಮ್ಮ ಓದುಗ,
ನಾಟಾ ಡಿಪೋದ ನಿವೃತ್ತ ಗುಮಾಸ್ತ,
ಕೋಡಿಬಾಗ, ಕಾರವಾರ