ಗೀಚಿದ ಬೋಗಿಯನ್ನು ಬೆಳಗ್ಗೆ ಓಡಿಸಬೇಡಿ

ಮಾನ್ಯರೇ,

ಬಸ್ ಸೀಟಿನ ಬೆನ್ನಿಗೆ ವೈಟ್ನರ್‌ನಲ್ಲಿ ಬರೆದ ಹೆಸರುಗಳು, ಕಿಟಕಿ ಗಾಜಿನ ಮೇಲೆ ಬೀಗದ ಕೈಯಿಂದ ಕೆತ್ತಿದ ಗುರುತುಗಳು ನಮಗೆ ಹೊಸವಲ್ಲ. 2022ರ ಅಕ್ಟೋಬರ್‌ನಲ್ಲಿ ಅಹಮದಾಬಾದ್ ಮೆಟ್ರೊ ಬೋಗಿಗೆ ಬಣ್ಣ ಹೊಡೆದ ಆರೋಪದಲ್ಲಿ ಇಟಲಿಯ ನಾಲ್ವರ ಬಂಧನವಾದ ಮೇಲೆ ಸ್ಪ್ರೇ ಡಬ್ಬಿಯ ಗೀಚಾಟವೂ ದೂರದ ಮಾತಾಗಿ ಉಳಿದಿಲ್ಲ. ಇಂಥದ್ದು ಕಂಡಾಗಲೆಲ್ಲ ಬೇಲಿ ಎತ್ತರಿಸಿ, ಶಿಕ್ಷೆ ಹೆಚ್ಚಿಸಿ ಎನ್ನುತ್ತೇವೆ. ನ್ಯೂಯಾರ್ಕ್ ಇವೆರಡನ್ನೂ ಮಾಡಿ ಸೋತಿತ್ತು.

ಅಲ್ಲಿನ ಸುರಂಗ ರೈಲುಗಳಲ್ಲಿ 1971ರ ಹೊತ್ತಿಗೆ ‘ಟಾಕಿ 183’ ಎಂಬ ಸಹಿ ಎಲ್ಲೆಲ್ಲೂ ಕಾಣುತ್ತಿತ್ತು. 183 ಎಂಬುದು ಆ ಹುಡುಗನ ಬೀದಿಯ ಸಂಖ್ಯೆ. ಪತ್ರಿಕೆಯಲ್ಲಿ ಸುದ್ದಿ ಬಂದಿದ್ದೇ ತಡ, ಸಹಿ ಹಾಕುವವರು ನೂರಾರು ಮಂದಿಯಾದರು. ಕೆಲವೇ ವರ್ಷಗಳಲ್ಲಿ ಕಿಟಕಿಯನ್ನೂ ಬಿಡದೆ ಇಡೀ ಬೋಗಿ ಮುಚ್ಚುವ ಚಿತ್ರಗಳು ಬಂದವು. ಅವುಗಳಲ್ಲಿದ್ದ ಅಕ್ಷರದ ಕೈಚಳಕ ನಿಜಕ್ಕೂ ದೊಡ್ಡದು, ಅದನ್ನು ಅಲ್ಲಗಳೆಯಬಾರದು. ಆದರೆ ಒಳಗೆ ಕೂತವರಿಗೆ ಯಾವ ನಿಲ್ದಾಣ ಬಂತೆಂದೇ ಕಾಣದಂತಾಯಿತು. 1973ರಲ್ಲಿ ಬೋಗಿಗಳಿಗೆಲ್ಲ ಹೊಸ ಬಣ್ಣ ಬಳಿದರು. ಹುಡುಗರಿಗೆ ಹೊಸ ಹಾಳೆ ಸಿಕ್ಕಂತಾಯಿತು. 1977ರಿಂದ ರೈಲುಗಳನ್ನು ನಿಲ್ಲಿಸುವ ಕೋನಿ ಐಲ್ಯಾಂಡ್ ಯಾರ್ಡ್‌ನಲ್ಲಿ ರಾಸಾಯನಿಕ ಎರಚಿ ತೊಳೆದರು; ಚಿತ್ರ ಪೂರ್ತಿ ಹೋಗದೆ ಬಣ್ಣಗಳು ಕಲಸಿ ಮಂಕಾಗಿ ಉಳಿದವು. ಮುಳ್ಳುತಂತಿ, ಕಾವಲು ನಾಯಿ ಎಲ್ಲವೂ ಬಂದವು.

ಬದಲಾವಣೆ ಶುರುವಾದದ್ದು 1984ರಲ್ಲಿ, ಡೇವಿಡ್ ಗನ್ ಅಲ್ಲಿನ ಸಾರಿಗೆ ಪ್ರಾಧಿಕಾರದ ಮುಖ್ಯಸ್ಥರಾದಾಗ. ರಾತ್ರಿಯೆಲ್ಲ ಯಾರ್ಡ್‌ನಲ್ಲಿ ಕೂತು ಚಿತ್ರ ಬರೆಯುವವನಿಗೆ ಬೇಕಾದ್ದು ಒಂದೇ: ಬೆಳಗ್ಗೆ ಆ ರೈಲು ಊರ ತುಂಬ ಓಡಬೇಕು, ನಾಲ್ಕು ಜನ ನೋಡಬೇಕು. ಗನ್ ಅದಕ್ಕೇ ಕತ್ತರಿ ಹಾಕಿದರು. ಒಮ್ಮೆ ಸ್ವಚ್ಛವಾದ ಬೋಗಿಯ ಮೇಲೆ ಮತ್ತೆ ಗೀಚು ಬಿದ್ದರೆ, ಅಳಿಸುವವರೆಗೆ ಅದು ಹಳಿಗೆ ಇಳಿಯಕೂಡದು. ಎಲ್ಲ ಬೋಗಿಗಳಿಗೂ ಒಂದೇ ಸಲ ಕೈಹಾಕದೆ ಹಂತಹಂತವಾಗಿ ಮಾಡಿದರು. 1989ರ ಮೇ 12ರಂದು ಗೀಚಿದ ಕೊನೆಯ ರೈಲನ್ನು ಓಡಾಟದಿಂದ ತೆಗೆದರು. ಐದು ವರ್ಷ ಹಿಡಿಯಿತು.

ಬೇಗ ಅಳಿಸಬೇಕೆನ್ನಲು ಇನ್ನೊಂದು ಕಾರಣ ಬಣ್ಣದಲ್ಲೇ ಇದೆ. ಹಲವು ಸ್ಪ್ರೇ ಬಣ್ಣಗಳು ಮುಟ್ಟಿದರೆ ಒಣಗಿದಂತೆ ಕಂಡರೂ ಗಾಳಿಯ ಆಮ್ಲಜನಕ ಹೀರಿ ಪೂರ್ತಿ ಗಟ್ಟಿಯಾಗಲು ದಿನಗಳೇ ಬೇಕು. ಮೊದಲ 24 ಗಂಟೆಯಲ್ಲಿ ಬಣ್ಣ ತೆಗೆಯುವ ಜೆಲ್ (ರಿಮೂವರ್) ಹಚ್ಚಿ 5ರಿಂದ 10 ನಿಮಿಷ ಬಿಟ್ಟರೆ ಮೆತ್ತಗಾಗಿ ಬಿಡುತ್ತದೆ. ವಾರ ಬಿಸಿಲಿಗೆ ಒಡ್ಡಿದ ಮೇಲೆ ಅಳಿಸಿದರೂ ಅಕ್ಷರದ ನೆರಳು ಉಳಿಯುತ್ತದೆ. ಮೊದಲು ಮೂಲೆಯಲ್ಲಿ ಎರಡಂಗುಲ ಪರೀಕ್ಷಿಸಿ, ಗೀಚಿನ ಅಂಚಿನಿಂದ ಒಳಮುಖವಾಗಿ ಬಿಳಿ ಹತ್ತಿ ಬಟ್ಟೆಯಲ್ಲಿ ಒರೆಸಬೇಕು. ಬಟ್ಟೆಯ ಮಡಿಕೆ ಬದಲಿಸುತ್ತಿರಬೇಕು, ಇಲ್ಲವಾದರೆ ಕರಗಿದ ಬಣ್ಣ ಅಗಲಕ್ಕೆ ಹರಡುತ್ತದೆ.

ಹೆಚ್ಚು ಹಾಳಾಗುವುದು ತಪ್ಪು ಸಾಮಾನಿನಿಂದ. ಸ್ಟೇನ್‌ಲೆಸ್ ಸ್ಟೀಲ್ ಬೋಗಿಯನ್ನು ಕಬ್ಬಿಣದ ತಂತಿ ಬ್ರಷ್‌ನಿಂದ ಉಜ್ಜಿದರೆ ಕಬ್ಬಿಣದ ಕಣ ಅಂಟಿ ತುಕ್ಕಿನ ಚುಕ್ಕೆ ಏಳುತ್ತದೆ. ನೈಲಾನ್ ಬ್ರಷ್ ಹಿಡಿದು, ಲೋಹದ ಗೆರೆ ಇರುವ ದಿಕ್ಕಿಗೇ ಉಜ್ಜಬೇಕು. ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್‌ನ ಫಲಕಕ್ಕೆ ತಿನ್ನರ್ ಬಿದ್ದರೆ ಕೂದಲೆಳೆಯ ಬಿರುಕು ಮೂಡಿ ಮಂಜಾಗುತ್ತದೆ. ಮಾರ್ಕರ್ ಶಾಯಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಸಾಕು. ವೈಟ್ನರ್ ಅನ್ನು ಮೊದಲು ಪ್ಲಾಸ್ಟಿಕ್ ಪಟ್ಟಿಯಿಂದ ಮೆಲ್ಲಗೆ ಎಬ್ಬಿಸಿ, ಆಮೇಲೆ ಒರೆಸಬೇಕು.

ಗಾಜಿನ ಮೇಲಿನ ಕೆತ್ತನೆಗೆ ಯಾವ ದ್ರಾವಕವೂ ಇಲ್ಲ. ನ್ಯೂಯಾರ್ಕ್‌ನಲ್ಲಿ ಬಣ್ಣ ನಿಂತ ಮೇಲೆ ಕಿಟಕಿ ಗೀರುವ ಚಾಳಿ ಶುರುವಾಗಿ, ಪಾರದರ್ಶಕ ಪಾಲಿಯೆಸ್ಟರ್ ಹಾಳೆ ಅಂಟಿಸಿದರು. ಗೀರು ಬಿದ್ದರೆ ಹಾಳೆ ಸುಲಿದು ಹೊಸದು ಹಾಕಿದರಾಯಿತು, ಗಾಜು ಬದಲಿಸಬೇಕಿಲ್ಲ. ಒಂದು ಎಚ್ಚರಿಕೆ: ಗಾಜು ಹಾಲಿನಂತೆ ಬೆಳ್ಳಗಾಗಿ ಇನ್ನೂ ಹಸಿಯಾಗಿದ್ದರೆ ಬರಿಗೈಯಲ್ಲಿ ಮುಟ್ಟಬಾರದು. ಅದು ಗಾಜು ಕೊರೆಯುವ ಆಮ್ಲವಿರಬಹುದು. ಅಂಥ ಕೆಲವು ಆಮ್ಲಗಳು ಚರ್ಮದೊಳಕ್ಕೆ ಇಳಿದು ಗಂಟೆಗಳ ನಂತರ ನೋವು ಕೊಡುತ್ತವೆ.

ಇದಕ್ಕೆಲ್ಲ ದೊಡ್ಡ ಯಂತ್ರ ಬೇಡ. ರಾತ್ರಿ ತೊಳೆಯುವ ಪಾಳಿಯವರಿಗೆ ಜೆಲ್, ಆಲ್ಕೊಹಾಲ್, ನೈಲಾನ್ ಬ್ರಷ್, ಬಿಳಿ ಬಟ್ಟೆ, ನೈಟ್ರೈಲ್ ಕೈಗವಸು, ಕನ್ನಡಕ ಕೊಡಬೇಕು. ಗೀಚು ಉಳಿದ ವಾಹನವನ್ನು ಬೆಳಗಿನ ಟ್ರಿಪ್‌ಗೆ ಬಿಡದೆ ತಡೆಹಿಡಿಯುವ ಅಧಿಕಾರವನ್ನು ಡಿಪೊ ಮೇಲ್ವಿಚಾರಕರಿಗೆ ಬರವಣಿಗೆಯಲ್ಲೇ ಕೊಡಬೇಕು.

— ವಾಹನ ಬಣ್ಣದ ಕೆಲಸಗಾರರು, ಬೆಂಗಳೂರು