ಹಮ್ ಠೀಕ್ ಛೀ: ಜನಗಣತಿ ಆಯುಕ್ತರಿಗೊಂದು ಬಹಿರಂಗ ಪತ್ರ

ಜನಗಣತಿ ಆಯುಕ್ತರೇ, ನಮಸ್ಕಾರ.

ಕನ್ನಡದಲ್ಲಿ ಬರೆಯುತ್ತಿದ್ದೇನೆ. ದಿಲ್ಲಿಯ ನಿಮ್ಮ ಆಫೀಸಿನಲ್ಲಿ ಕನ್ನಡ ಓದುವವರು ಒಬ್ಬರಾದರೂ ಇರಬೇಕು, ಇಲ್ಲದಿದ್ದರೆ ನಮ್ಮ ಕಡೆಯ ಫಾರಂಗಳನ್ನು ನೋಡುವವರು ಯಾರು, ಅಲ್ವಾ? ಆದರೆ ವಿಷಯ ಕನ್ನಡದ್ದಲ್ಲ. ಮೈಥಿಲಿಯದ್ದು. ಬೆಂಗಳೂರಿನಲ್ಲಿ ಕೂತವನಿಗೆ ಬಿಹಾರದ ಭಾಷೆಯ ಉಸಾಬರಿ ಯಾಕೆ ಅಂತ ಕೇಳಬೇಡಿ, ಅದನ್ನೇ ಹೇಳಲು ಹೊರಟಿದ್ದೇನೆ.

ನಮ್ಮ ಅಪಾರ್ಟ್‌ಮೆಂಟಿನ ರಾತ್ರಿ ಪಾಳಿಯ ಸೆಕ್ಯುರಿಟಿಯವರು ದರ್ಭಂಗಾ ಕಡೆಯವರು. ಹತ್ತು ಗಂಟೆ ಹೊತ್ತಿಗೆ ಊರಿಗೆ ಫೋನ್ ಮಾಡುತ್ತಾರೆ. ನಾನು ಕಸ ಹಾಕಲು ಕೆಳಗೆ ಇಳಿದಾಗಲೆಲ್ಲ ಒಂದು ಮಾತು ಕಿವಿಗೆ ಬೀಳುತ್ತಿತ್ತು: ‘ಹಮ್ ಠೀಕ್ ಛೀ.’ ಕನ್ನಡದ ಕಿವಿಗೆ ಅದು ಹೇಗೆ ಕೇಳಿಸುತ್ತದೆ ಅಂತ ನಿಮಗೆ ಗೊತ್ತಾಗಲಿಕ್ಕಿಲ್ಲ. ಅಷ್ಟು ಅಕ್ಕರೆಯಿಂದ ಮಾತಾಡುತ್ತಾ ಮಾತಾಡುತ್ತಾ ಕೊನೆಗೆ ‘ಛೀ’ ಅಂದುಬಿಡುತ್ತಾರಲ್ಲ, ಯಾರ ಮೇಲೆ ಸಿಟ್ಟು ಇವರಿಗೆ ಅಂದುಕೊಂಡಿದ್ದೆ. ಒಂದು ದಿನ ಕೇಳಿಯೇಬಿಟ್ಟೆ. ಅವರು ನಕ್ಕರು. ಛೀ ಅಂದರೆ ‘ಇದ್ದೇನೆ’. ನಾನು ಚೆನ್ನಾಗಿದ್ದೇನೆ ಅಂತ ಅಮ್ಮನಿಗೆ ಹೇಳುತ್ತಿದ್ದರಂತೆ.

‘ಇದು ಹಿಂದಿ ಅಲ್ಲವಾ?’ ಅಂದೆ. ‘ಅಲ್ಲ ಸಾರ್, ಮೈಥಿಲಿ.’ ‘ಮತ್ತೆ ಜನಗಣತಿಯವರು ಬಂದು ನಿಮ್ಮ ಮಾತೃಭಾಷೆ ಯಾವುದು ಅಂದರೆ?’ ‘ಹಿಂದಿ.’ ಒಂದು ಕ್ಷಣವೂ ಯೋಚಿಸಲಿಲ್ಲ. ಅದು ಮನೆ ಮಾತು, ಅದನ್ನೆಲ್ಲ ಫಾರಂನಲ್ಲಿ ಯಾರು ಬರೆಸುತ್ತಾರೆ ಅಂದರು.

ನಿಮ್ಮದೇ ಕೈಪಿಡಿ ಮಾತೃಭಾಷೆ ಅಂದರೆ ಚಿಕ್ಕಂದಿನಲ್ಲಿ ತಾಯಿ ಮಗುವಿನೊಡನೆ ಆಡಿದ ಮಾತು ಅನ್ನುತ್ತದೆ. ಇವರು ಪ್ರತಿ ರಾತ್ರಿ ತಾಯಿಯ ಹತ್ತಿರ ಆಡುವ ಮಾತು ಮೈಥಿಲಿ. ಫಾರಂನಲ್ಲಿ ಹಿಂದಿ. ಈ ಎರಡರ ನಡುವಿನ ತೂತಿನಲ್ಲಿ ಎಷ್ಟು ಲಕ್ಷ ಜನ ಬಿದ್ದುಹೋಗಿದ್ದಾರೆ?

2011ರ ಲೆಕ್ಕದಲ್ಲಿ ಇಡೀ ದೇಶದಲ್ಲಿ ಮೈಥಿಲಿ ಮಾತಾಡುವವರು ಸುಮಾರು 1 ಕೋಟಿ 35 ಲಕ್ಷ. ಅದೇ 2011ರಲ್ಲಿ ಬಿಹಾರದ ಮೈಥಿಲಿ ಸೀಮೆಯ ಮಧುಬನಿ ಜಿಲ್ಲೆಯ ಜನಸಂಖ್ಯೆ 44 ಲಕ್ಷ, ಸಮಸ್ತಿಪುರ 42 ಲಕ್ಷ, ದರ್ಭಂಗಾ 39 ಲಕ್ಷ. ಬರೀ ಮೂರು ಜಿಲ್ಲೆ ಸೇರಿ 1 ಕೋಟಿ 25 ಲಕ್ಷ ದಾಟಿತು. ಅಲ್ಲಿ ಉರ್ದು ಬರೆಸಿದವರೂ ಇದ್ದಾರೆ, ಒಪ್ಪುತ್ತೇನೆ. ಆದರೂ ಸಹರ್ಸಾ, ಸುಪೌಲ್, ಮಧೇಪುರ, ಪೂರ್ಣಿಯಾ ಇನ್ನೂ ಎಣಿಕೆಗೇ ಬಂದಿಲ್ಲ. ದಿಲ್ಲಿ, ಕೋಲ್ಕತ್ತಾ, ಮುಂಬೈ, ನಮ್ಮ ಬೆಂಗಳೂರಿಗೆ ದುಡಿಯಲು ಬಂದವರೂ ಬಂದಿಲ್ಲ.

ಅವರು ‘ಹಿಂದಿ’ ಅಂತ ಬರೆಸುವುದು ಸುಮ್ನೆ ಅಲ್ಲ. ಎಷ್ಟೋ ದಶಕ ನಿಮ್ಮ ಇಲಾಖೆಯೇ ಅವರಿಗೆ ಅದನ್ನು ಹೇಳಿಕೊಟ್ಟಿದೆ. 1991ರ ಗಣತಿಯಲ್ಲಿ ಸುಮಾರು 77 ಲಕ್ಷ ಜನ ‘ಮೈಥಿಲಿ’ ಅಂತ ಬಾಯಿಬಿಟ್ಟು ಹೇಳಿದ್ದರು. ನೀವು ಅವರನ್ನು ಒಯ್ದು ಹಿಂದಿಯ ಕೆಳಗೆ ಒಂದು ಸಾಲಾಗಿ ಕೂರಿಸಿದಿರಿ, ಅವಧಿ, ಭೋಜಪುರಿ, ಮಗಹಿಗಳ ಪಕ್ಕದಲ್ಲಿ. ಆಮೇಲೆ 2001. ಇದು ನನಗೆ ಬಹಳ ಇಷ್ಟವಾದ ಕಥೆ. ಆ ವರ್ಷ ಫೆಬ್ರವರಿಯಲ್ಲಿ ನಿಮ್ಮವರು ಮನೆ ಮನೆಗೆ ಹೋಗಿ ಕೇಳಿದರು, ಜನ ಮೈಥಿಲಿ ಅಂದರು, ಆಗಿನ ನಿಯಮದ ಪ್ರಕಾರ ಅವರೆಲ್ಲ ಹಿಂದಿಯವರು. ಫಾರಂಗಳು ಆಫೀಸಿನಲ್ಲಿ ಇರುವಾಗಲೇ, 2003ರ ಡಿಸೆಂಬರಿನಲ್ಲಿ, ವಾಜಪೇಯಿ ಪ್ರಧಾನಿಯಾಗಿದ್ದಾಗ, ಸಂಸತ್ತು ಸಂವಿಧಾನಕ್ಕೆ 92ನೇ ತಿದ್ದುಪಡಿ ತಂದು ಬೋಡೋ, ಡೋಗ್ರಿ, ಸಂತಾಲಿ ಜೊತೆ ಮೈಥಿಲಿಯನ್ನೂ ಎಂಟನೇ ಶೆಡ್ಯೂಲಿಗೆ, ಅಂದರೆ ಸಂವಿಧಾನ ಹೆಸರಿಸುವ ಭಾಷೆಗಳ ಪಟ್ಟಿಗೆ, ಸೇರಿಸಿತು. ಪಟ್ಟಿ ಅಚ್ಚಾಗುವ ಹೊತ್ತಿಗೆ ಅದೇ ಜನ, ಅದೇ ಉತ್ತರ, ಆದರೆ ಈಗ ಬೇರೆ ಭಾಷೆ! 1 ಕೋಟಿ 21 ಲಕ್ಷ. ಊರಲ್ಲಿ ಯಾರೂ ಒಂದು ಪದ ಬದಲಿಸಿರಲಿಲ್ಲ. ಬದಲಾದದ್ದು ದಿಲ್ಲಿಯ ಒಂದು ಪಟ್ಟಿ.

ಅಂದರೆ ಮೈಥಿಲಿ ಹಿಂದಿಯ ಒಳಗೆ ಇದ್ದದ್ದೂ ಭಾಷಾಶಾಸ್ತ್ರದಿಂದಲ್ಲ, ಹೊರಗೆ ಬಂದದ್ದೂ ಭಾಷಾಶಾಸ್ತ್ರದಿಂದಲ್ಲ. ಶಾಸ್ತ್ರ ಬಲ್ಲ ಬ್ರಿಟಿಷ್ ಅಧಿಕಾರಿ ಗ್ರಿಯರ್ಸನ್ 1880ರ ದಶಕದಲ್ಲೇ ಇದನ್ನು ಹಿಂದಿಯಿಂದ ಬೇರೆ ಮಾಡಿ, ಬಂಗಾಳಿ, ಒಡಿಯಾ, ಅಸ್ಸಾಮಿಗಳ ಪೂರ್ವದ ಬಳಗಕ್ಕೆ ಸೇರಿಸಿದ್ದ. (ಭೋಜಪುರಿ, ಮಗಹಿ ಜೊತೆ ಒಟ್ಟು ಕಟ್ಟಿ ‘ಬಿಹಾರಿ’ ಅಂತ ಇಲ್ಲದ ಭಾಷೆಯ ಹೆಸರನ್ನೂ ಇಟ್ಟ. ಅದು ಬೇರೆ ಜಗಳ.) ಸಾಹಿತ್ಯ ಅಕಾಡೆಮಿ 1965ರಲ್ಲೇ ಮೈಥಿಲಿಯನ್ನು ಸ್ವತಂತ್ರ ಭಾಷೆಯಾಗಿ ಒಪ್ಪಿತ್ತು. ಆಮೇಲೂ ಜನಗಣತಿಗೆ ಅದು ಹಿಂದಿಯೇ.

ಗ್ರಿಯರ್ಸನ್ ಬೇಡ, ನಮ್ಮ ಸೆಕ್ಯುರಿಟಿಯವರ ಮಾತನ್ನೇ ಕೇಳಿ. ನಿಮ್ಮ ಹೆಸರೇನು? ಹಿಂದಿಯಲ್ಲಿ ‘ಆಪ್‌ಕಾ ನಾಮ್ ಕ್ಯಾ ಹೈ’. ಮೈಥಿಲಿಯಲ್ಲಿ ‘ಅಹಾಂಕ್ ನಾಮ್ ಕೀ ಅಛಿ’. ಹಿಂದಿಯಲ್ಲಿ ಹುಡುಗ ‘ಜಾತಾ ಹೈ’, ಹುಡುಗಿ ‘ಜಾತೀ ಹೈ’. ಮೈಥಿಲಿಯಲ್ಲಿ ಇಬ್ಬರಿಗೂ ‘ಜಾಇತ್ ಅಛಿ’. ಹಿಂದಿ ಕಲಿಯುವಾಗ ನಮ್ಮನ್ನು ಗೋಳು ಹೊಯ್ದುಕೊಳ್ಳುವ ಆ ‘ನೇ’ ಇದೆಯಲ್ಲ, ಮೈನೇ ದೇಖಾ, ಉಸ್‌ನೇ ಖಾಯಾ ಅಂತ, ಅದು ಮೈಥಿಲಿಯಲ್ಲಿ ಇಲ್ಲವೇ ಇಲ್ಲ. ‘ಹಮ್ ದೇಖಲಹುಂ’, ಮುಗೀತು. ಆದರೆ ಹಿಂದಿಯಲ್ಲಿ ಇಲ್ಲದ ಒಂದು ಸೂಕ್ಷ್ಮ ಇಲ್ಲಿದೆ. ‘ನಾನು ನೋಡಿದೆ’ ಅನ್ನುವಾಗ ನೋಡಿದ್ದು ಯಾರನ್ನು ಅನ್ನುವುದರ ಮೇಲೆ ಕ್ರಿಯಾಪದದ ಬಾಲ ಬದಲಾಗುತ್ತದೆ. ಪಕ್ಕದ ಮನೆ ಹುಡುಗನನ್ನು ನೋಡಿದರೆ ‘ಓಕರಾ ದೇಖಲಿಐ’. ಮೇಷ್ಟ್ರನ್ನು ನೋಡಿದರೆ ‘ಹುನಕಾ ದೇಖಲಿಯನಿ’. ಮರ್ಯಾದೆ ಸರ್ವನಾಮದಲ್ಲಷ್ಟೇ ಅಲ್ಲ, ಕ್ರಿಯಾಪದದೊಳಗೂ ಕೂತಿದೆ. ಇದನ್ನೆಲ್ಲ ಅವರು ಗೇಟಿನ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಹತ್ತು ನಿಮಿಷದಲ್ಲಿ ಹೇಳಿಕೊಟ್ಟರು, ಮಧ್ಯೆ ಎರಡು ಸಲ ಎದ್ದು ಕಾರಿಗೆ ಗೇಟು ತೆಗೆದು ಬಂದರು.

ಲಿಪಿ ಒಂದೇ ಅಲ್ಲವಾ ಅನ್ನುತ್ತಾರೆ ಕೆಲವರು. ಈಗ ಒಂದೇ. ಮೊದಲು ಮೈಥಿಲಿಗೆ ತಿರಹುತಾ ಅನ್ನುವ ಅದರದ್ದೇ ಲಿಪಿ ಇತ್ತು, ನೋಡಲು ಬಂಗಾಳಿಗೆ ಹತ್ತಿರ. ಅಚ್ಚಿನ ಕಾಲದಲ್ಲಿ ದೇವನಾಗರಿ ಅದನ್ನು ಮೂಲೆಗೆ ತಳ್ಳಿತು. 2014ರಲ್ಲಿ ಯೂನಿಕೋಡಿಗೆ ಸೇರಿದೆ, ಫೋನಿನಲ್ಲಿ ಬರೆಯುವವರು ಕಡಿಮೆ. ಲಿಪಿ ಒಂದಾದರೆ ಭಾಷೆ ಒಂದು ಅನ್ನುವುದನ್ನು ಮಂಗಳೂರಿಗೆ ಬಂದು ಹೇಳಿ ನೋಡೋಣ. ಅಲ್ಲಿ ತುಳುವನ್ನೂ ಕೊಂಕಣಿಯನ್ನೂ ಕನ್ನಡ ಲಿಪಿಯಲ್ಲೇ ಬರೆಯುತ್ತಾರೆ, ಹಾಗಂತ ಅವು ಕನ್ನಡವಾಗಿಲ್ಲ.

ಇನ್ನೊಂದು ತಮಾಷೆ. ಮಧುಬನಿಯ ಜಯನಗರದಲ್ಲಿ ರೈಲು ಹತ್ತಿದರೆ ನೇಪಾಳದ ಜನಕಪುರಕ್ಕೆ ಹೋಗಬಹುದು. ಅಲ್ಲಿಯೂ ಅದೇ ಮಾತು. ಆದರೆ ಗಡಿ ದಾಟಿದ ಮೇಲೆ ಮೈಥಿಲಿ ಆ ದೇಶದ ಎರಡನೇ ದೊಡ್ಡ ಭಾಷೆ, ಮೂವತ್ತು ಲಕ್ಷಕ್ಕೂ ಹೆಚ್ಚು ಜನರದ್ದು. ಅಲ್ಲಿನ ಗಣತಿ ಅದನ್ನು ಯಾರ ಕೆಳಗೂ ಕೂರಿಸುವುದಿಲ್ಲ.

ಹಾಗಂತ ಮೈಥಿಲರಿಗೆ ಹಿಂದಿ ಶತ್ರು ಅಂತ ನಾನು ಹೇಳುತ್ತಿಲ್ಲ. ಶಾಲೆ, ಕೋರ್ಟು, ಕೆಲಸ ಎಲ್ಲ ಹಿಂದಿಯಲ್ಲೇ ಸಿಕ್ಕಿದವರು ಅವರು. ವೈದ್ಯನಾಥ ಮಿಶ್ರರು ನಾಗಾರ್ಜುನ ಅನ್ನುವ ಹೆಸರಿನಲ್ಲಿ ಹಿಂದಿಯ ದೊಡ್ಡ ಕವಿ, ಯಾತ್ರಿ ಅನ್ನುವ ಹೆಸರಿನಲ್ಲಿ ಮೈಥಿಲಿ ಕವಿ. 1968ರ ಅಕಾಡೆಮಿ ಪ್ರಶಸ್ತಿ ಬಂದದ್ದು ಮೈಥಿಲಿಗೆ. ಒಬ್ಬ ಮನುಷ್ಯ ಎರಡು ಹೆಸರು ಇಟ್ಟುಕೊಂಡು ಎರಡೂ ಭಾಷೆಯನ್ನು ಬೇರೆ ಬೇರೆಯಾಗಿ ಪ್ರೀತಿಸಬಹುದಾದರೆ ನಿಮ್ಮ ಪಟ್ಟಿಗೆ ಏನು ಕಷ್ಟ? ಹಿಂದಿಯವರು ಮೈಥಿಲಿಯ ಹಳೆಯ ಕವಿ ವಿದ್ಯಾಪತಿಯನ್ನು ತಮ್ಮ ಆದಿಕಾಲದ ಕವಿ ಅಂತ ಪಾಠ ಮಾಡುತ್ತಾರೆ, ಬಂಗಾಳಿಗಳು 19ನೇ ಶತಮಾನದವರೆಗೂ ನಮ್ಮವನೇ ಅಂದುಕೊಂಡಿದ್ದರು. ಕವಿ ಎಲ್ಲರಿಗೂ ಬೇಕು. ಅವನ ಭಾಷೆಗೆ ಒಂದು ಸಾಲು ಕೊಡುವಾಗ ಮಾತ್ರ ತಕರಾರು.

ಮೈಥಿಲಿಯ ಒಳಗೂ ಎಲ್ಲ ಸರಿಯಿಲ್ಲ, ಅದನ್ನೂ ಹೇಳಬೇಕು. ಪುಸ್ತಕದ ಮೈಥಿಲಿ ಪಂಡಿತರ ಮನೆಯದ್ದು, ನಾವಾಡುವುದು ಠೇಠಿ, ಅಂದರೆ ಬರೀ ಆಡುಮಾತು, ಅನ್ನುವವರು ಬಹಳ. ಬಿಹಾರದ್ದೇ ಆದ ಅಂಗಿಕಾ, ಬಜ್ಜಿಕಾ ಮಾತಿನವರು ಮೈಥಿಲಿಯೇ ನಮ್ಮನ್ನು ನುಂಗುತ್ತಿದೆ ಅನ್ನುತ್ತಾರೆ. ಅವರ ದೂರನ್ನೂ ನೀವು ಕೇಳಬೇಕಾದೀತು.

ಈಗ ನಮ್ಮ ಕಡೆಗೆ ಬರುತ್ತೇನೆ. ಮೈಥಿಲಿಯ ಸೀಮೆಯಾದ ಮಿಥಿಲೆಗೂ ನಮಗೂ ಹಳೆಯ ನಂಟಿದೆ. 1097ರಲ್ಲಿ ಅಲ್ಲಿ ರಾಜ್ಯ ಕಟ್ಟಿದ ನಾನ್ಯದೇವನ ವಂಶದ ಹೆಸರೇ ಕರ್ಣಾಟ. ಆ ವಂಶದ ಕೊನೆಯ ಅರಸ ಹರಿಸಿಂಹದೇವನ ಆಸ್ಥಾನದಲ್ಲಿ ಜ್ಯೋತಿರೀಶ್ವರ ಠಾಕುರ ಬರೆದ ವರ್ಣರತ್ನಾಕರವೇ ಮೈಥಿಲಿಯ ಮೊದಲ ಗದ್ಯ. ನಮ್ಮವರು ಅಲ್ಲಿ ಹೋಗಿ ಆಳಿದರು ಅಂತ ಎದೆ ಉಬ್ಬಿಸುವವರು ಇದನ್ನೂ ನೋಡಲಿ: ಅಲ್ಲಿ ಉಳಿದದ್ದು ಕನ್ನಡವಲ್ಲ, ಮೈಥಿಲಿ.

ಇದು ಹಳೆಯ ಮಾತಾಯಿತು. ಇಂದಿನ ಮಾತು ಇನ್ನೂ ಹತ್ತಿರದ್ದು. 2011ರಲ್ಲಿ ಹಿಂದಿಯವರು 52 ಕೋಟಿ 83 ಲಕ್ಷ, ದೇಶದ 43.63 ಶೇಕಡಾ ಅಂತ ನೀವು ಹೇಳಿದಿರಿ. ಅಂದಿನಿಂದ ಪ್ರತಿ ಭಾಷಣದಲ್ಲೂ, ಪ್ರತಿ ಟಿವಿ ಚರ್ಚೆಯಲ್ಲೂ ಈ ಅಂಕಿಯನ್ನು ನಮ್ಮ ಮುಖಕ್ಕೆ ಹಿಡಿಯುತ್ತಾರೆ. ಅದೇ ಪಟ್ಟಿಯ ಒಳಗೆ ಇಳಿದರೆ ‘ಹಿಂದಿ’ ಅಂತಲೇ ಬರೆಸಿದವರು 32 ಕೋಟಿ 22 ಲಕ್ಷ. ಉಳಿದ ಇಪ್ಪತ್ತು ಕೋಟಿ ಚಿಲ್ಲರೆಯಲ್ಲಿ ಭೋಜಪುರಿಯೊಂದೇ 5 ಕೋಟಿ, ರಾಜಸ್ಥಾನಿ ಎರಡೂವರೆ ಕೋಟಿ. ಅದರ ಕೆಳಗೆ ಬೆರಳಿಟ್ಟು ಇಳಿಯುತ್ತಾ ಹೋದಾಗ ‘ಲಮಾಣಿ/ಲಂಬಾಡಿ’ ಸಿಕ್ಕಿತು. 32 ಲಕ್ಷಕ್ಕೂ ಜಾಸ್ತಿ ಜನ. ವಿಜಯಪುರ, ಕಲಬುರಗಿಯ ತಾಂಡಾಗಳಲ್ಲಿ ಆಡುವ ನಮ್ಮ ಲಂಬಾಣಿ ನಿಮ್ಮ ಲೆಕ್ಕದಲ್ಲಿ ಹಿಂದಿ! ತಾಂಡಾದ ಅಜ್ಜಿಗೆ ಈ ಸುದ್ದಿ ಯಾರಾದರೂ ಹೇಳಿದ್ದಾರಾ?

ನಮ್ಮ ಕೈಯೂ ಪೂರ್ತಿ ಚೊಕ್ಕವಿಲ್ಲ. ಅದೇ ಪಟ್ಟಿಯಲ್ಲಿ ಕನ್ನಡದ ಕೆಳಗೆ ನೀಲಗಿರಿಯ ಬಡಗ ಇದೆ, ಒಂದು ಲಕ್ಷ ಮೂವತ್ತು ಸಾವಿರಕ್ಕೂ ಹೆಚ್ಚು ಜನ. ಅದರ ಬಗ್ಗೆ ನಾವು ತುಟಿ ಬಿಚ್ಚಿಲ್ಲ. ಉತ್ತರದಿಂದ ಬಂದವರನ್ನೆಲ್ಲ ‘ಹಿಂದಿಯವರು’ ಅಂತ ಒಂದೇ ಚೀಲಕ್ಕೆ ಹಾಕುವುದರಲ್ಲೂ ಬೆಂಗಳೂರಿಗರು ನಿಮಗಿಂತ ಹಿಂದೆ ಬಿದ್ದಿಲ್ಲ. ಎರಡು ವರ್ಷ ನಾನೂ ಅದನ್ನೇ ಮಾಡಿದ್ದೆ, ಆ ‘ಛೀ’ ಕೇಳಿಸಿಕೊಳ್ಳುವವರೆಗೆ.

2027ರ ಗಣತಿ ಮೊಬೈಲ್ ಆ್ಯಪ್‌ನಲ್ಲಿ ಅಂತ ಹೇಳಿದ್ದೀರಿ. ಹಾಗಾದರೆ ಭಾಷೆಯ ಪಟ್ಟಿಯಲ್ಲಿ ಮೈಥಿಲಿ ಹುಡುಕಿದ ಕೂಡಲೇ ಸಿಗಲಿ. ಯಾರಾದರೂ ‘ಠೇಠಿ’ ಅಂದರೆ, ‘ದೇಹಾತಿ’ (ಹಳ್ಳಿ ಮಾತು) ಅಂದರೆ, ‘ಮನೆ ಮಾತು ಬೇರೆ, ಹಿಂದಿ ಹಾಕಿ’ ಅಂದರೆ, ನಿಮ್ಮವರು ಒಂದು ನಿಮಿಷ ನಿಂತು ‘ಅಮ್ಮನ ಹತ್ತಿರ ಏನು ಮಾತಾಡುತ್ತೀರಿ’ ಅಂತ ಕೇಳಲಿ. ಅದು ನಿಮ್ಮ ಕೈಪಿಡಿಯ ಪ್ರಶ್ನೆಯೇ, ನಾನು ಹೊಸದಾಗಿ ಏನೂ ಸೇರಿಸುತ್ತಿಲ್ಲ. ಇನ್ನು, 2011ರ ಭಾಷೆಯ ಅಂಕಿಗಳು ಹೊರಬಂದದ್ದು 2018ರಲ್ಲಿ. ಈ ಸಲ ಅಷ್ಟು ಕಾಯಿಸಬೇಡಿ. ಹಿಂದಿಯ ದೊಡ್ಡ ಅಂಕಿ ಯಾವ ದಿನ ಕೊಡುತ್ತೀರೋ ಅದೇ ದಿನ, ಅದೇ ಪುಟದಲ್ಲಿ, ಅದರೊಳಗೆ ಯಾರು ಯಾರು ಇದ್ದಾರೆ ಅನ್ನುವುದನ್ನೂ ಕೊಡಿ. ಮೈಥಿಲಿಗೆ ಸಂಸತ್ತಿನ ತಿದ್ದುಪಡಿ ಬೇಕಾಯಿತು. ಲಂಬಾಣಿಗೂ ಭೋಜಪುರಿಗೂ ಅಷ್ಟು ದೂರ ಹೋಗದೆಯೇ ಪಟ್ಟಿಯ ಕ್ರಮವನ್ನು ನೀವು ಸರಿ ಮಾಡಬಹುದು.

ಮತ್ತೆ, ಫೆಬ್ರವರಿಯಲ್ಲಿ ನಿಮ್ಮವರು ನಮ್ಮ ಅಪಾರ್ಟ್‌ಮೆಂಟಿಗೆ ಬಂದಾಗ ಫ್ಲಾಟುಗಳನ್ನು ಮುಗಿಸಿಕೊಂಡು ಹಾಗೇ ಹೊರಟುಬಿಡಬೇಡಿ ಅಂತ ಹೇಳಿ. ಗೇಟಿನ ಪಕ್ಕ, ಜನರೇಟರ್ ಹಿಂದೆ, ಒಂದು ಚಿಕ್ಕ ಕೋಣೆ ಇದೆ. ಅಲ್ಲಿ ಇಬ್ಬರು ಇರುತ್ತಾರೆ. ಬೆಳಿಗ್ಗೆ ಹೋದರೆ ಒಬ್ಬರು ಪಾಳಿ ಮುಗಿಸಿ ಆಗಷ್ಟೇ ಮಲಗಿರುತ್ತಾರೆ, ಮಧ್ಯಾಹ್ನದ ಮೇಲೆ ಬಾಗಿಲು ತಟ್ಟಿದರೆ ಒಳ್ಳೆಯದು.

ಇಂತಿ,
ಬೆಂಗಳೂರಿನ ಒಬ್ಬ ಬಾಡಿಗೆದಾರ